ಮಗಾಜಿಯಾ ಲಾಮಿಗೆ ಒಂದು ಹಾಳೆ

ತಮಾಲೆ, ಬ್ಯಾರಕ್ಕಿನ ಹಿಂದಿನ ಕೇರಿ
೧೪ ಮಾರ್ಚ್ ೧೯೭೪

ಪ್ರೀತಿಯ ರಹಿನಾತು,

ಈ ರಂಪಕ್ಕೆ ತಗಲಿದ್ದು: ಒಂದು ಹಂಡೆ ಬೆಂಡೆ ಸಾರು, ಕೂಗಿ ಕೂಗಿ ಕಟ್ಟಿಹೋದ ನನ್ನ ಗಂಟಲು, ಅಕ್ರಾದ ನಿನ್ನ ಮನೆಯಲ್ಲಿ ನನಗಿದ್ದ ಚಾಪೆ. ಅಳಿಯನ ಕ್ಷಮೆ ಕೇಳದಿದ್ದರೆ ಬಾಗಿಲು ತೆರೆಯುವುದಿಲ್ಲ ಎಂದು ಬರೆದಿದ್ದೀಯಲ್ಲ? ಕೇಳುವುದಿಲ್ಲ. ಯಾಕೆಂದು ಓದು.

ನಿನ್ನ ಗಂಡ ಕ್ಯಾಪ್ಟನ್ ಯಾಕುಬು ನಮ್ಮ ರೆಜಿಮೆಂಟಿನ ಚರಿತ್ರೆ ಬರೆಯಲು ಬಂದಾಗ ವಾರಗಟ್ಟಲೆ ನನ್ನ ಅಂಗಳದಲ್ಲೇ ಕುಳಿತಿದ್ದ. ನಿನ್ನ ಅಜ್ಜಿ ಲಾಮಿಯ ಕಥೆ ಒಂದನ್ನೂ ಬಿಡದೆ ಹೇಳಿದೆ. ಸಿಪಾಯಿಗಳ ಹೆಂಡಂದಿರಿಗೆಲ್ಲ ಯಜಮಾನಿ, ಅಂದರೆ ಮಗಾಜಿಯಾ, ಆಗಿದ್ದವಳು. ದಂಡಿನ ಹಿಂದೆ ಮಡಕೆ ಹೊತ್ತು ನಡೆದವಳು. ತುಂಬಿದ ಹೊಳೆಗೆ ಹೆದರಿ ನಿಂತ ಗಂಡಸರನ್ನು ಬೈದೇ ದಾಟಿಸಿದವಳು. ಪುಸ್ತಕ ಬಂತು. ಬ್ಯಾಂಡಿನ ಮುಂದೆ ನಡೆಯುವ ಟಗರಿಗೆ ಎರಡು ಪುಟ. ನಮ್ಮವ್ವನಿಗೆ ಒಂದು ಸಾಲೂ ಇಲ್ಲ.

ರೆಜಿಮೆಂಟಿನ ಹಬ್ಬದ ದಿನ ಮಗಾಜಿಯಾ ಮೊದಲ ಸೌಟು ಬಡಿಸದೆ ಒಬ್ಬ ಸಿಪಾಯಿಯೂ ತುತ್ತು ಎತ್ತುವಂತಿಲ್ಲ. ಆ ಸೌಟು ಈಗ ನನ್ನ ಕೈಯಲ್ಲಿದೆ. ಈ ಸಲದ ಹಬ್ಬದಲ್ಲಿ ಮುದ್ದೆಯ ಖಾಲಿ ಮಡಕೆಗಳನ್ನೆಲ್ಲ ಬೋರಲು ಹಾಕಿಸಿ, ಹೆಂಗಸರನ್ನು ಅವುಗಳ ಮೇಲೆ ಕೂರಿಸಿ, ನಾನೂ ಕುಳಿತೆ. "ಅಮ್ಮಾ, ಹುಡುಗ್ರು ಹಸ್ಕೊಂಡವ್ರೆ" ಎಂದ ಹವಾಲ್ದಾರ. "ಟಗರನ್ನ ಕರಿ, ಅದೇ ಬಡಿಸ್ಲಿ. ಚರಿತ್ರೇಲಿ ಐತಲ್ಲ" ಅಂದೆ. ಹೆಂಗಸರು ಕೇಕೆ ಹಾಕಿದರು. ಯಾಕುಬು ಬಂದು, "ಅತ್ತೆ, ಮರ್ಯಾದೆ ಕಳೀಬೇಡಿ" ಎಂದು ಪಿಸುಗುಟ್ಟಿದ. "ಯಾರ್ದಪ್ಪಾ?" ಎಂದು ಊರಿಗೇ ಕೇಳುವಂತೆ ಕೇಳಿದೆ.

ಬಿಸಿಲೇರಿತು, ಸಾರು ಹಳಸಿತು. ಕೊನೆಗೆ ಕರ್ನಲ್ ಸಾಹೇಬರೇ ಹಿರಿಯರ ಮುನಿಸು ಇಳಿಸಲು ಕೊಡುವ ಕೋಲಾ ಬೀಜ ಹಿಡಿದು ಬಂದು, ಬೂಟು ಬಿಚ್ಚಿ ನೆಲದ ಮೇಲೆ ಕುಳಿತರು. "ಏನಾಗ್ಬೇಕು ಹೇಳಿ ತಾಯಿ" ಎಂದರು. ಅವ್ವನ ಹೆಸರನ್ನು ಕವಾಯತಿನಲ್ಲಿ ಕೂಗಬೇಕು, ಪುಸ್ತಕದೊಳಗೆ ಅವಳದೊಂದು ಹಾಳೆ ಅಂಟಿಸಬೇಕು ಅಂದೆ. ಒಪ್ಪಿದರು. ಲಾಮಿ ಎಂಬ ಹೆಸರಿಗೆ ಇಡೀ ದಂಡು ಸೆಟೆದು ನಿಂತಿತು, ಮಗಳೇ. ಆಮೇಲೆ ಮಡಕೆ ಎತ್ತಿಸಿ ಮುದ್ದೆ ತಿರುವಿಸಿದೆ. ಸಾರು ಹುಳಿಯಾಗಿತ್ತು. ಆದರೂ ಎಲ್ಲರೂ ತಟ್ಟೆ ಬಳಿದು ತಿಂದರು.

ತಲೆ ತಗ್ಗಿಸದ ನಿನ್ನ ತಾಯಿ,
ಮೆಮುನಾತು

ತಾ.ಕ.: ಅವ್ವನ ಹೆಸರು ಬಿಟ್ಟುಹೋದದ್ದು ಅಚ್ಚುಕೂಟದವರ ತಪ್ಪು ಎಂದೇ ಕರ್ನಲ್ ಸಾಹೇಬರಿಗೆ ಹೇಳಿದ್ದೇನೆ. ಆದರೆ ಊಟವಾದ ಮೇಲೆ ಯಾಕುಬು ನನ್ನ ಕಾಲ ಬಳಿ ಕುಳಿತು ಅತ್ತುಬಿಟ್ಟ. ಅಜ್ಜಿಯ ಬಗ್ಗೆ ಇಡೀ ಅಧ್ಯಾಯವನ್ನೇ ಬರೆದಿದ್ದನಂತೆ. ದಂಡಿನ ಅಡುಗೆಯವಳ ಮೊಮ್ಮಗಳೆಂದು ಅಕ್ರಾದ ಗೆಳತಿಯರಿಗೆ ತಿಳಿಯಬಾರದೆಂದು ಅದನ್ನು ತೆಗೆಸಿದವಳು ನೀನಂತೆ. ಇರಲಿ, ಲೆಕ್ಕ ಮುಗಿಸೋಣ. ದಂಡಿಗೆ ಊಟ ಸಿಕ್ಕಿತು. ನಿನ್ನ ಗಂಡನಿಗೆ ನನ್ನ ಕ್ಷಮೆ ಸಿಕ್ಕಿತು. ಅವ್ವನಿಗೆ ಹಾಳೆ ಸಿಕ್ಕಿತು. ನಿನಗೆ, ಬೇಡವೆಂದರೂ, ಅಜ್ಜಿ ಸಿಕ್ಕಳು: ಹಾಳೆಯ ಕೊನೆಯಲ್ಲಿ "ಮೊಮ್ಮಗಳು ರಹಿನಾತು, ಅಕ್ರಾ" ಎಂದು ನಾನೇ ಬರೆಸಿದ್ದೇನೆ.