ಊಟದ ಪಂಕ್ತಿಯ ಹಾಡು

ಐಮಂಗಲ
೧೨-೬-೨೦೦೪

ಹಿರಿಯೂರಿನ ವಿಡಿಯೋ ಸ್ಟುಡಿಯೊ ಪ್ರದೀಪ್ ಅವರಿಗೆ, ಯೋಗೇಶ್ ಅವರ ಹೆಂಡತಿ ರಂಜಿತಾ ಮಾಡುವ ನಮಸ್ಕಾರ.

ನಾದಿನಿಯ ಮದುವೆಯ ಸಿಡಿ ಹೋದ ತಿಂಗಳು ತಲುಪಿತು. ಅದು ಬರುವ ಮೊದಲೇ ನಮ್ಮ ಯಜಮಾನರು ತೀರಿಕೊಂಡದ್ದು ನಿಮಗೆ ತಿಳಿದಿರಬಹುದು.

ಚಿತ್ರ ಸ್ಪಷ್ಟವಾಗಿ ಬಂದಿದೆ. ಎರಡನೆಯ ಸಿಡಿಯಲ್ಲಿ, ಊಟದ ಪಂಕ್ತಿಯಲ್ಲಿ, ಅವರು ಎಲೆಯಿಂದ ತಲೆಯೆತ್ತಿ ಏನೋ ಹೇಳುತ್ತಾರೆ. ಬಡಿಸುತ್ತಿದ್ದವಳು ನಾನೇ. ಆದರೆ ಅಲ್ಲಿ ನೀವು ಸಿನಿಮಾ ಹಾಡು ಹಾಕಿದ್ದೀರಿ. ಬರೀ ತುಟಿ ಆಡುತ್ತದೆ.

ನಮ್ಮತ್ತೆ ದಿನಾ ಅದನ್ನೇ ಹಾಕಿಸಿಕೊಂಡು, "ಏನಂತಾನವ್ವ ಅವ್ನು?" ಎಂದು ಕೇಳುತ್ತಾರೆ. "ಅನ್ನ ಸಾಕಂತೆ" ಎನ್ನುತ್ತೇನೆ. ಒಮ್ಮೊಮ್ಮೆ "ಸಾರು ಚೆನ್ನಾಗೈತಂತೆ" ಎನ್ನುತ್ತೇನೆ. ನನಗೆ ನೆನಪಿಲ್ಲ.

ನಿಮ್ಮನ್ನು ದೂರುತ್ತಿಲ್ಲ. "ಜನರ ಗಲಾಟೆ ತೆಗ್ದು ಒಳ್ಳೆ ಹಾಡು ಹಾಕ್ರಿ" ಎಂದು ನಿಮಗೆ ಹೇಳಿದವರು ನಮ್ಮ ಯಜಮಾನರೇ.

ಮಿಕ್ಸಿಂಗ್ ಮಾಡುವ ಮೊದಲಿನ ಮಾಸ್ಟರ್ ಕ್ಯಾಸೆಟ್‌ನಲ್ಲಿ ಮೂಲ ಆಡಿಯೋ ಇರುತ್ತದಂತೆ, ಮೈದುನ ಮೋಹನ್‌ಕುಮಾರ್ ಹೇಳಿದ. ಅವನ ಕೈಯಲ್ಲೇ ಒಂದು ಖಾಲಿ ಸಿಡಿ ಕಳಿಸಿದ್ದೇನೆ. ಅಷ್ಟು ಭಾಗವನ್ನು ಹಾಡಿಲ್ಲದೆ ರೈಟ್ ಮಾಡಿಕೊಡಿ. ಚಿತ್ರದ ಸುತ್ತ ಹೂವಿನ ಡಿಸೈನ್ ಬೇಡ. ಪಾತ್ರೆ ಸದ್ದು ಇದ್ದರೆ ಇರಲಿ.

ಆ ಕ್ಯಾಸೆಟ್ ಮೇಲೆ ಈಗಾಗಲೇ ಬೇರೆ ಯಾರದೋ ಮದುವೆ ರೆಕಾರ್ಡ್ ಮಾಡಿಬಿಟ್ಟಿದ್ದರೆ, ಸಿಡಿ ವಾಪಸ್ ಕಳಿಸುವುದು ಬೇಡ, ನೀವೇ ಇಟ್ಟುಕೊಳ್ಳಿ. ಆ ಮದುವೆಯವರ ಊಟದ ಪಂಕ್ತಿಗೆ ಮಾತ್ರ ಹಾಡು ಹಾಕಬೇಡಿ.

ಇಂತಿ,
ರಂಜಿತಾ