ಸಿಂಹ ರಾಶಿಯ ಕೋಟು

ಅಜ್ಜಂಪುರ, ೧೯೮೭

ಯಜಮಾನರಿಗೆ,

ನೀವು ಲಿಂಗೈಕ್ಯರಾಗಿ ನಾಲ್ಕು ವರ್ಷವಾಯಿತು, ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಹೇಳದೆ ಇರಲಾರೆ. ಇವತ್ತು ಮಂಡಲ ಪಂಚಾಯಿತಿಯ ಓಟು ಎಣಿಸಿದರು. ಶಿವನ ದಯೆ, ನಾನು ಗೆದ್ದೆ!

"ಸಿಂಹ ರಾಶಿ ಬೆನಕಪ್ಪ, ಐವತ್ತಕ್ಕೆ ಅಧಿಕಾರ ಯೋಗ. ಕುರ್ಚಿ ಕಾದೈತೆ" ಎಂದು ಅಯ್ಯನವರು ಜಾತಕ ನೋಡಿ ಹೇಳಿದ ವಾರವೇ ನೀವು ದಾವೂದ್ ಸಾಬರ ಹತ್ತಿರ ಕರಿ ಕೋಟು ಹೊಲಿಸಿದಿರಿ. ಐವತ್ತಕ್ಕೆ ಚುನಾವಣೆಗೆ ನಿಂತು ಸೋತಿರಿ. ಕೋಟು ಪೆಟ್ಟಿಗೆ ಸೇರಿತು.

ಇವತ್ತು ಚಳಿಯೆಂದು ಅದನ್ನೇ ಸೀರೆಯ ಮೇಲೆ ಹಾಕಿಕೊಂಡು ಹೋಗಿದ್ದೆ. ಸೋತ ಜಯದೇವಪ್ಪ, "ಏನಕ್ಕಾ, ರೊಟ್ಟಿ ತಟ್ಟೋ ಕೈಲಿ ರುಜು ಹಾಕ್ತೀಯಾ?" ಎಂದ.

"ಹೂಂ ಕಣಪ್ಪಾ, ತಟ್ಟಿ ಮುಗಿಸ್ಕೊಂಡೇ ಬತ್ತೀನಿ" ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. ದಾವೂದ್ ಸಾಬರು ಕೋಟಿನ ತೋಳು ಎಳೆದು ನೋಡಿ, "ಅಮ್ಮಾ, ನಿಮ್ಗೇ ಅಳತೆ ತಗೊಂಡಂಗೈತೆ" ಅಂದರು.

ಅವತ್ತು ಡಬ್ಬಿಯಿಂದ ನೀವು ಅಯ್ಯನವರಿಗೆ ತೆಗೆದುಕೊಟ್ಟದ್ದು ನನ್ನ ಜಾತಕ ಕಣ್ರೀ. ಹೆಸರನ್ನು ಹುಳ ತಿಂದಿತ್ತು, ಆದರೆ ನಮ್ಮವ್ವ ಹಚ್ಚಿದ ಅರಿಶಿನ ಬಾಗಿಲಲ್ಲಿ ನಿಂತ ನನಗೆ ಕಂಡಿತು. ಹೇಳೋಣವೆಂದು ನಿಮ್ಮ ಮುಖ ನೋಡಿದೆ. ಅದು ಅಷ್ಟು ಅರಳಿದ್ದನ್ನು ಮೊದಲೆಂದೂ ಕಂಡಿರಲಿಲ್ಲ.

ನನಗೆ ಈ ವರ್ಷ ಐವತ್ತು ತುಂಬಿತು. ನಾಳೆ ಕುರ್ಚಿಯಲ್ಲಿ ಕೂರುವಾಗಲೂ ಕೋಟು ಹಾಕಿಕೊಂಡೇ ಇರುತ್ತೇನೆ.

ನಿಮ್ಮ ಮಲ್ಲಿಕಾಂಬ