ಹೊಗೆ ಕಾಣದ ಒಲೆಗೂ ಕಿಟಕಿ ಬೇಕೆಂದು ಹೇಳಬೇಕಾದವರು ಯಾರು?

ಮಾನ್ಯ ಒಲೆ ಪರೀಕ್ಷಾಧಿಕಾರಿಗಳೇ,

ನೀವು ಗುಣಮುದ್ರೆ ಒತ್ತಿದ ಸೌದೆ ಒಲೆಯೊಂದು ನನ್ನ ಅಕ್ಕ ಪದ್ಮಾಕ್ಷಿಯನ್ನು ಅಡುಗೆಮನೆಯಲ್ಲೇ ಕೆಡವಿತು. ಒಲೆ ಕೆಟ್ಟಿರಲಿಲ್ಲ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಹೇಳಿದಂತೆಯೇ ಉರಿಯುತ್ತಿತ್ತು. ನನ್ನ ತಕರಾರು ಇರುವುದು ಆ ಚೀಟಿ ಹೇಳದೆ ಬಿಟ್ಟ ಮಾತಿನ ಬಗ್ಗೆ.

ಅಕ್ಕನಿಗೆ ಉಬ್ಬಸ. ಮನೆಯಲ್ಲಿ ಗ್ಯಾಸ್ ಇದ್ದರೂ ಕುಚ್ಚಲಕ್ಕಿ ಮಾತ್ರ ಸೌದೆಯಲ್ಲೇ ಬೇಯಬೇಕು. ನಮ್ಮೂರು ಬೆಳುವಾಯಿಯ ಹೆಚ್ಚಿನ ಮನೆಗಳಲ್ಲಿ ಹಾಗೆಯೇ. ಡಾಕ್ಟರು ಹೊಗೆ ಕೂಡದು ಎಂದದ್ದರಿಂದ ಮೂಡುಬಿದಿರೆಯ ಅಂಗಡಿಯೊಂದಕ್ಕೆ ಹೋದೆವು. ಒಲೆಯ ಮೇಲೆ ನಿಮ್ಮ ಮುದ್ರೆ, ಪಕ್ಕದಲ್ಲಿ ‘ಉಷ್ಣ ದಕ್ಷತೆ ಶೇಕಡಾ ಮೂವತ್ತೆಂಟು’, ಅಂದರೆ ಸೌದೆಯ ಶಾಖದಲ್ಲಿ ಪಾತ್ರೆಗೆ ತಲುಪುವ ಪಾಲು. ಯಾವ ಸೌದೆಯಲ್ಲಿ, ಎಷ್ಟು ದೊಡ್ಡ ಪಾತ್ರೆಯಲ್ಲಿ ಎಂದು ಕೇಳಿದೆ. ಅಂಗಡಿಯವರು ನಕ್ಕರು. “ಮುದ್ರೆ ಉಂಟಲ್ಲ, ಮತ್ತೆ ಎಂಥ ಸಂಶಯ ಮಾರಾಯ್ರೆ? ಹೊಗೆಯೇ ಇಲ್ಲ. ಬೇಕಾದರೆ ಮಲಗುವ ಕೋಣೆಯಲ್ಲಿಟ್ಟು ಉರಿಸಿ.”

ಕೊಂಡು ತಂದು ಉರಿಸಿದರೆ ಹೊಗೆ ನಿಜಕ್ಕೂ ಕಾಣಲಿಲ್ಲ. ಹಾಗಾಗಿ ಮಳೆಯ ಎರಚಲು ಹೊಡೆದ ದಿನ ಅಕ್ಕ ಕಿಟಕಿ, ಬಾಗಿಲು ಎರಡನ್ನೂ ಮುಚ್ಚಿದಳು. ಅನ್ನ ಮುಕ್ಕಾಲು ಬೆಂದ ಮೇಲೆ ಉರಿ ತೆಗೆದು ಕೆಂಡದ ಮೇಲೆ ಬಿಟ್ಟು ಅರಳಿಸುವುದು ನಮ್ಮಲ್ಲಿ ಎಲ್ಲರ ಕ್ರಮ. ಆ ಹೊತ್ತಿಗೆ ಅವಳು ಪಕ್ಕದಲ್ಲೇ ಕೂತು ಕಾಯಿ ತುರಿಯುತ್ತಿದ್ದಳು. ಮಜ್ಜಿಗೆ ಕೇಳಲು ಬಂದ ನೆರೆಮನೆಯ ಸೇಸಮ್ಮ “ಏನು ಪದ್ಮಕ್ಕ, ಬಾಗಿಲು ಹಾಕಿ ಒಬ್ಬರೇ ಎಂಥ ತಿನ್ನುವುದು?” ಎನ್ನುತ್ತ ಬಾಗಿಲು ತಳ್ಳಿದರೆ, ಅಕ್ಕ ತುರಿಮಣೆಯ ಪಕ್ಕ ಬಿದ್ದಿದ್ದಳು. ಸೇಸಮ್ಮ ಅಂಗಳಕ್ಕೆ ಎಳೆದು ತಂದದ್ದರಿಂದ ಬದುಕಿದಳು. ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಬರುತ್ತದೆ, ಗಾಳಿಯಾಡದ ಕೋಣೆಯಲ್ಲಿ ಅದು ಜೀವ ತೆಗೆಯಬಲ್ಲದು ಎಂದು ಆಸ್ಪತ್ರೆಯಲ್ಲಿ ತಿಳಿಸಿದರು.

ನಿಮಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಫೋನ್ ಮಾಡಿದಾಗ ನಿಮ್ಮ ಕಚೇರಿಯವರು ಬಹಳ ಸೌಜನ್ಯದಿಂದ ವಿವರಿಸಿದರು: “ಆ ಅನಿಲವನ್ನೂ ಅಳೆದಿದ್ದೇವೆ ಸರ್, ಮಿತಿಯೊಳಗೇ ಇದೆ. ಪರೀಕ್ಷೆ ನಡೆಯುವುದು ಚೆನ್ನಾಗಿ ಒಣಗಿದ, ಸಮನಾಗಿ ಸೀಳಿದ ಸೌದೆಯಲ್ಲಿ. ನಿಮ್ಮ ಮನೆಯ ಕಿಟಕಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.” ಹಸಿ ಆರದ ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ ಉರಿಸುವ ನಾವು ನಿಮ್ಮ ಪರೀಕ್ಷೆಯಲ್ಲಿಲ್ಲ. ಕಿಟಕಿಯೂ ಇಲ್ಲ. ಹಾಗಾದರೆ ಅಲ್ಲಿರುವುದು ಯಾರು? ಅನ್ನ ಅರಳಿಸದ, ಉಸಿರಾಡದ ಆ ಆದರ್ಶ ಗ್ರಾಹಕರನ್ನು ನಮಗೂ ಒಮ್ಮೆ ಭೇಟಿ ಮಾಡಿಸುವಿರಾ?

ಅಕ್ಕ ಹೊಸ ಒಲೆಯನ್ನು ಕೊಟ್ಟಿಗೆಗೆ ಹಾಕಿ ಹಳೆಯದಕ್ಕೇ ಮರಳಿದ್ದಾಳೆ. “ಅದು ಕಣ್ಣು ಉರಿಸಿಯಾದರೂ ‘ಹೊರಗೆ ಹೋಗು’ ಅಂತ ಹೇಳ್ತದೆ. ಇದು ಹೇಳುವುದೇ ಇಲ್ಲ. ನಿನ್ನ ಮುದ್ರೆ ನೀನೇ ಇಟ್ಟುಕೋ.” ಹೊಗೆಗೆ ಉಬ್ಬಸ ಮತ್ತೆ ಏರಿದೆ; ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾಳೆ. ಕಿಟಕಿ ತೆರೆದಿಟ್ಟರೆ ಹೊಸದೇ ಮೇಲು ಎಂದು ನಾನು ವಾದಿಸಿದರೆ, “ಅದನ್ನು ಮುದ್ರೆ ಹಾಕಿದವರು ಹೇಳಲಿ” ಎನ್ನುತ್ತಾಳೆ.

ಆದ್ದರಿಂದ ನೀವು ಹೇಳಿ. ಮುದ್ರೆಯ ಪಕ್ಕದಲ್ಲೇ, ಕನ್ನಡದಲ್ಲಿ, ದಕ್ಷತೆಯ ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ, ಆ ಶೇಕಡಾ ಯಾವ ಸೌದೆಗೆ, ಯಾವ ಪಾತ್ರೆಗೆ ಎಂದು ಬರೆಯಿಸಿ. ಕೆಂಡ ಪೂರ್ತಿ ಆರುವವರೆಗೆ ಕಿಟಕಿ ತೆರೆದಿರಲಿ ಎಂದು ಬರೆಯಿಸಿ. ಹಾಗೆ ಬರೆಯದ ಒಲೆ ಅಂಗಡಿಗೆ ಬರಕೂಡದು. ಅಂಥ ಮೊದಲ ಚೀಟಿಯನ್ನು ದಯವಿಟ್ಟು ನನ್ನ ವಿಳಾಸಕ್ಕೆ ಕಳಿಸಿ. ಅಕ್ಕನಿಗೆ ಓದಿ ಹೇಳುವ ಕೆಲಸ ನನ್ನದು.

ಇಂತಿ,
ಮನೆಯೊಳಗೆ ಯಾವ ಅಧಿಕಾರವೂ ನಡೆಯದ ತಮ್ಮ,
ಸುಬ್ಬಯ್ಯ, ಬೆಳುವಾಯಿ